ಕಂಡೆನ್ಸರ್ ಪುರಾಣ

ನಮ್ಮಪ್ಪಂದು ತಿಪಟೂರಿನಲ್ಲಿ ಒಂದು ಸಣ್ಣ ರಿಪೇರಿ ಅಂಗಡಿ. ಮೊದಲು ರೇಡಿಯೋ, ಆಮೇಲೆ ಟೇಪ್ ರೆಕಾರ್ಡರ್, ಅದಾದ ಮೇಲೆ ಟಿವಿ. ಈಗ ಹೆಚ್ಚಾಗಿ ಫ್ಯಾನು, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ. ಸ್ಕೂಲು ಬಿಟ್ಟ ಮೇಲೆ ನಾನು ಹೋಮ್‌ವರ್ಕ್ ಮಾಡಿದ್ದೆಲ್ಲ ಆ ಅಂಗಡಿಯ ಮೂಲೆಯಲ್ಲೇ, ಸೋಲ್ಡರಿಂಗ್ ಹೊಗೆ ಕುಡಿಯುತ್ತಾ. ಅಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಪದ ಯಾವುದು ಗೊತ್ತಾ? ಕಂಡೆನ್ಸರ್! ಫ್ಯಾನು ನಿಧಾನಕ್ಕೆ ತಿರುಗಿದರೆ ಕಂಡೆನ್ಸರ್ ವೀಕು. ತಿರುಗದೇ ಬರೀ ಗುಂಯ್ ಅಂದರೆ ಕಂಡೆನ್ಸರ್ ಹೋಗಿದೆ. ರೇಡಿಯೋದಲ್ಲಿ ಸ್ಟೇಷನ್ ತಿರುಗಿಸುವಾಗ ಕರಕರ ಅಂದರೆ ಗ್ಯಾಂಗ್ ಕಂಡೆನ್ಸರ್‌ನಲ್ಲಿ ಧೂಳು. ಪಕ್ಕದ ಗ್ಯಾರೇಜಿನವರದ್ದೂ ಇದೇ ಭಾಷೆ. ಹಳೇ ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ ಅಂದರೆ ಪ್ಲಗ್, ಪಾಯಿಂಟ್, ಕಂಡೆನ್ಸರ್ ಈ ಮೂರರಲ್ಲಿ ಒಂದು.

ಮುಂದೆ ನಾನು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಸೇರಿದೆ. ಎರಡನೇ ವರ್ಷದ ರಜೆಯಲ್ಲಿ ಊರಿಗೆ ಹೋಗಿದ್ದಾಗ ಒಂದು ದಿನ ನಮ್ಮ ಹೈಸ್ಕೂಲ್ ಮೇಷ್ಟ್ರೊಬ್ಬರು ಫ್ಯಾನ್ ತಂದಿದ್ದರು. ಅಪ್ಪ ನೋಡಿ, 'ಏನಿಲ್ಲ ಮೇಷ್ಟ್ರೇ, ಕಂಡೆನ್ಸರ್ ಹೋಗಿದೆ, ಹತ್ತು ನಿಮಿಷ ಕೂತ್ಕೊಳಿ' ಅಂದರು. ಆಗಷ್ಟೇ ನೆಟ್‌ವರ್ಕ್ ಅನಾಲಿಸಿಸ್ ಪೇಪರ್ ಬರೆದು ಬಂದಿದ್ದ ನನ್ನ ತಲೆ ಮೇಲೆ ಎರಡು ಕೊಂಬು ಬೇರೆ ಇದ್ದವಲ್ಲ, ಬಾಯಿ ಹಾಕಿದೆ. 'ಅಪ್ಪ, ಅದನ್ನ ಕಂಡೆನ್ಸರ್ ಅನ್ನಬಾರದು. ಕೆಪ್ಯಾಸಿಟರ್ ಅನ್ನಬೇಕು. ಕಂಡೆನ್ಸರ್ ಅಂದ್ರೆ ಬೇರೆ.'

ಅಪ್ಪ ಸ್ಕ್ರೂಡ್ರೈವರ್ ಹಿಡಿದುಕೊಂಡೇ ನನ್ನ ಮುಖ ನೋಡಿದರು. 'ಹೌದಾ? ಮತ್ತೆ ನಾವೆಲ್ಲ ಇಷ್ಟು ವರ್ಷ ಕಂಡೆನ್ಸರ್ ಅಂತ ಯಾಕೋ ಅಂತಿದ್ವಿ? ನಮಗೆ ಹೇಳ್ಕೊಟ್ಟೋರೂ ಹಂಗೇ ಅಂತಿದ್ರಲ್ಲ?'

'ತಪ್ಪಾಗಿ ಅಂತಿದ್ರು ಅಷ್ಟೇ' ಅಂದುಬಿಟ್ಟೆ. ಮೇಷ್ಟ್ರು ನಕ್ಕರು. ಅಪ್ಪನೂ ನಕ್ಕರು. ಆದರೆ ಆವತ್ತಿನಿಂದ ನಾನು ಎದುರಿಗಿದ್ದಾಗ ಮಾತ್ರ ಅವರು ಕಂಡೆನ್ಸರ್ ಅನ್ನೋದಕ್ಕೆ ಬಾಯಿ ತೆಗೆದು, ಅರ್ಧಕ್ಕೆ ನಿಲ್ಲಿಸಿ, 'ಅದೇ... ಕೆಪ್ಯಾಸಿಟರ್ರು' ಅನ್ನೋಕೆ ಶುರು ಮಾಡಿದರು. ಅದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿದೆ.

ಇದೆಲ್ಲ ಈಗ ಯಾಕೆ ನೆನಪಾಯ್ತು ಅಂದರೆ, ಕೆಲಸದ ಮೇಲೆ ಗ್ಲಾಸ್ಗೋಗೆ ಬಂದು ಎರಡು ವರ್ಷ ಆಯ್ತು. ಇಲ್ಲಿ ಕ್ಲೈಡ್ ನದಿ ದಂಡೆಯಲ್ಲಿ ಗ್ಲಾಸ್ಗೋ ಗ್ರೀನ್ ಅಂತ ಒಂದು ಹಳೇ ಪಾರ್ಕ್ ಇದೆ. ಮಳೆ ಇಲ್ಲದ ಭಾನುವಾರ ಸಿಗೋದೇ ಅಪರೂಪ, ಸಿಕ್ಕಾಗ ನಾನು ಅಲ್ಲಿಗೆ ವಾಕಿಂಗ್ ಹೋಗ್ತೀನಿ. ಮೊನ್ನೆ ಹಾಗೇ ನಡೆಯುತ್ತಾ ನೆಲ್ಸನ್ ಸ್ತಂಭದ ಹತ್ತಿರ ಒಂದು ಕಲ್ಲುಗುಂಡು ಕಣ್ಣಿಗೆ ಬಿತ್ತು. 1765ರಲ್ಲಿ ಜೇಮ್ಸ್ ವಾಟ್‌ಗೆ ಸ್ಟೀಮ್ ಎಂಜಿನ್ನಿನ ಪ್ರತ್ಯೇಕ ಕಂಡೆನ್ಸರ್‌ನ ಯೋಚನೆ ಹೊಳೆದಿದ್ದು ಇದೇ ಜಾಗದ ಆಸುಪಾಸಿನಲ್ಲಿ ಅನ್ನೋ ಅರ್ಥದ ಬರಹ ಅದರ ಮೇಲೆ. ಕಲ್ಲಿನ ಮೇಲೆ ಆ ಪದ ನೋಡಿದ ತಕ್ಷಣ ನನಗೆ ವಾಟ್ ನೆನಪಾಗಲಿಲ್ಲ, ಅಪ್ಪನ ಪ್ರಶ್ನೆ ನೆನಪಾಯ್ತು. ಫ್ಯಾನಿನ ಡಬ್ಬಿಗೂ ಈ ಆವಿ ಯಂತ್ರಕ್ಕೂ ಒಂದೇ ಹೆಸರು ಯಾಕೆ? ಇಂಜಿನಿಯರಿಂಗ್ ಓದಿದರೂ ನನಗೆ ಉತ್ತರ ಗೊತ್ತಿರಲಿಲ್ಲ ಅನ್ನೋದು ಆವತ್ತು ಅರ್ಥ ಆಯ್ತು. ಮನೆಗೆ ಬಂದು ಹುಡುಕೋಕೆ ಕೂತೆ. ಸಿಕ್ಕಿದ್ದನ್ನ ನಿಮಗೂ ಹೇಳ್ತೀನಿ ಕೇಳಿ.

ಒಬ್ಬ ರಿಪೇರಿಯವನ ಕಥೆ

ಮೊದಲು ವಾಟ್ ವಿಷಯ. ಕೆಟಲ್‌ನ ಮುಚ್ಚಳ ಕುಣಿಯೋದು ನೋಡಿ ವಾಟ್ ಸ್ಟೀಮ್ ಎಂಜಿನ್ ಕಂಡುಹಿಡಿದ ಅಂತ ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿರ್ತೀವಿ. ಮರೆತುಬಿಡಿ. ವಾಟ್ ಹುಟ್ಟಿದ್ದು 1736ರಲ್ಲಿ. ಅದಕ್ಕೂ 24 ವರ್ಷ ಮುಂಚೆಯೇ, 1712ರಲ್ಲಿ, ಥಾಮಸ್ ನ್ಯೂಕಮನ್ ಅನ್ನೋ ಕಬ್ಬಿಣದ ವ್ಯಾಪಾರಿ ಇಂಗ್ಲೆಂಡಿನ ಡಡ್ಲಿ ಹತ್ತಿರದ ಕಲ್ಲಿದ್ದಲು ಗಣಿಯಲ್ಲಿ ನೀರೆತ್ತೋಕೆ ಎಂಜಿನ್ ನಿಲ್ಲಿಸಿದ್ದ.

ನ್ಯೂಕಮನ್ ಎಂಜಿನ್ನಿನ ತಮಾಷೆ ಏನಂದ್ರೆ ಅದರಲ್ಲಿ ಕೆಲಸ ಮಾಡೋದು ಆವಿ ಅಲ್ಲ, ಗಾಳಿ. ದೊಡ್ಡ ಸಿಲಿಂಡರ್ ತುಂಬ ಆವಿ ತುಂಬಿಸೋದು. ಆಮೇಲೆ ಅದರೊಳಗೇ ತಣ್ಣೀರು ಚಿಮುಕಿಸೋದು. ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಹಿಡಿಯುತ್ತೆ. ಹಾಗಾಗಿ ಆವಿ ಮತ್ತೆ ನೀರಾದಾಗ ಅಷ್ಟೂ ಜಾಗ ಖಾಲಿ! ಒಳಗೆ ಹೆಚ್ಚುಕಮ್ಮಿ ನಿರ್ವಾತ. ಹೊರಗಿನ ಗಾಳಿ ಪ್ರತಿ ಚದರ ಸೆಂಟಿಮೀಟರ್‌ಗೆ ಸುಮಾರು ಒಂದು ಕಿಲೋ ಭಾರ ಹಾಕಿ ಪಿಸ್ಟನ್ನನ್ನು ಕೆಳಗೆ ಒತ್ತುತ್ತೆ. ಏತದ ಹಾಗೆ ತೊಲೆಯ ಇನ್ನೊಂದು ತುದಿ ಮೇಲಕ್ಕೆ ಹೋಗಿ ಗಣಿಯ ನೀರೆತ್ತುತ್ತೆ. ಆಮೇಲೆ ಮತ್ತೆ ಆವಿ, ಮತ್ತೆ ತಣ್ಣೀರು.

ಈಗ ಇದರ ದಂಡ ನೋಡಿ. ಪ್ರತಿ ಸಲ ತಣ್ಣೀರು ಬಿದ್ದಾಗ ಇಡೀ ಸಿಲಿಂಡರೇ ತಣ್ಣಗಾಗುತ್ತೆ. ಮುಂದಿನ ಸಲ ಬಂದ ಆವಿಯಲ್ಲಿ ಬಹುಪಾಲು ಬರೀ ಆ ಲೋಹ ಕಾಯಿಸೋಕೇ ಖರ್ಚು. ದೋಸೆ ಹಂಚಿನ ಮೇಲೆ ಪ್ರತಿ ದೋಸೆಗೂ ಒಂದು ಬಕೆಟ್ ನೀರು ಸುರಿದು, ಮತ್ತೆ ಮೊದಲಿನಿಂದ ಕಾಯಿಸಿದ ಹಾಗೆ. ಗಣಿ ಬಾಯಲ್ಲೇ ಕಲ್ಲಿದ್ದಲು ರಾಶಿ ಬಿದ್ದಿರುತ್ತಿದ್ದರಿಂದ 50 ವರ್ಷ ಯಾರೂ ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ.

ಜೇಮ್ಸ್ ವಾಟ್ ವಿಜ್ಞಾನಿ ಅಂತ ನಾನು ಅಂದುಕೊಂಡಿದ್ದೆ. ಅಲ್ಲ! ಅವನು ಗ್ಲಾಸ್ಗೋ ಯೂನಿವರ್ಸಿಟಿಯ ಒಳಗೆ ಒಂದು ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡು ತಕ್ಕಡಿ, ಕ್ವಾಡ್ರಂಟ್, ಮಾಪಕಗಳನ್ನ ಮಾಡೋದು, ರಿಪೇರಿ ಮಾಡೋದು ಮಾಡಿಕೊಂಡಿದ್ದವನು. ಅಂದರೆ ನಮ್ಮಪ್ಪನ ಜಾತಿಯವನೇ ಅನ್ನಿ! 1763-64ರ ಚಳಿಗಾಲದಲ್ಲಿ ಯೂನಿವರ್ಸಿಟಿಯವರು ಪಾಠಕ್ಕೆ ಇಟ್ಟುಕೊಂಡಿದ್ದ ನ್ಯೂಕಮನ್ ಎಂಜಿನ್ನಿನ ಆಟಿಕೆಯಂಥ ಮಾಡೆಲ್ ಒಂದನ್ನ ಅವನಿಗೆ ರಿಪೇರಿಗೆ ಕೊಟ್ಟರು. ಆ ಮಾಡೆಲ್ ಈಗಲೂ ಇಲ್ಲಿಯ ಹಂಟೇರಿಯನ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ.

ವಾಟ್ ಅದನ್ನ ಸರಿ ಮಾಡಿದ. ಆದರೂ ಅದು ನಾಕು ಸಲ ಆಡಿ ನಿಂತುಬಿಡೋದು, ಬಾಯ್ಲರಿನ ಆವಿ ಸಾಲುತ್ತಿರಲಿಲ್ಲ. ಬೇರೆಯವನಾಗಿದ್ದರೆ 'ಮಾಡೆಲ್ ಅಲ್ವಾ, ಅಷ್ಟೇ ಓಡೋದು' ಅಂತ ಬಿಲ್ ಬರೆದು ಕಳಿಸುತ್ತಿದ್ದ. ಇವನು ಲೆಕ್ಕ ಹಾಕೋಕೆ ಕೂತ. ಒಂದು ಸಲಕ್ಕೆ ಎಷ್ಟು ಆವಿ ಬೇಕು, ಎಷ್ಟು ಖರ್ಚಾಗ್ತಿದೆ? ಅಳೆದು ನೋಡಿದರೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಪೋಲು. ಜೊತೆಗೆ ಇನ್ನೊಂದು ವಿಚಿತ್ರ ಕಂಡಿತು. ಒಂದು ಪಾಲು ನೀರಿನ ಆವಿ ತನ್ನ ತೂಕದ ಸುಮಾರು ಆರು ಪಟ್ಟು ತಣ್ಣೀರನ್ನ ಕುದಿಯೋ ಬಿಸಿಗೆ ತರುತ್ತಿತ್ತು. ಇಷ್ಟೊಂದು ಶಾಖ ಆವಿಯಲ್ಲಿ ಎಲ್ಲಿ ಅಡಗಿ ಕೂತಿತ್ತು? ಅದೇ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಿದ್ದ ಜೋಸೆಫ್ ಬ್ಲ್ಯಾಕ್‌ರನ್ನ ಕೇಳಿದ. ಬ್ಲ್ಯಾಕ್ ಕೆಲವೇ ವರ್ಷ ಮುಂಚೆ ಅದನ್ನ ಕಂಡುಕೊಂಡು ಹೆಸರಿಟ್ಟಿದ್ದರು, ಗುಪ್ತೋಷ್ಣ. ಪಿಯುಸಿಯಲ್ಲಿ ನಾವು ಬಾಯಿಪಾಠ ಮಾಡಿದ ಗುಪ್ತೋಷ್ಣ ಹೀಗೆ ಒಂದು ರಿಪೇರಿ ಅಂಗಡಿಯ ಪ್ರಶ್ನೆಗೆ ಉತ್ತರವಾಗಿ ಬಂತು ಅಂತ ಯಾರೂ ನಮಗೆ ಹೇಳಿರಲಿಲ್ಲ.

ಸಮಸ್ಯೆ ಈಗ ಸ್ಪಷ್ಟ. ಆವಿ ನೀರಾಗಬೇಕಾದರೆ ತಣ್ಣಗಿರಬೇಕು, ಆವಿ ಪೋಲಾಗಬಾರದು ಅಂದರೆ ಸಿಲಿಂಡರ್ ಬಿಸಿಯಾಗಿರಬೇಕು. ಒಂದೇ ಪಾತ್ರೆ ಎರಡೂ ಹೇಗಾಗುತ್ತೆ? ತಿಂಗಳುಗಟ್ಟಲೆ ಇದೇ ತಲೆನೋವು. 1765ರ ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ವಾಟ್ ಗ್ಲಾಸ್ಗೋ ಗ್ರೀನ್‌ಗೆ ವಾಕಿಂಗ್ ಬಂದ. ಊರಿನ ಬಟ್ಟೆ ಒಗೆಯೋ ಮನೆ ಆಗ ಅಲ್ಲೇ ಇತ್ತು. ಅದನ್ನ ದಾಟಿ ಸ್ವಲ್ಪ ಮುಂದೆ ಹೋಗೋಷ್ಟರಲ್ಲಿ ಹೊಳೆಯಿತು ಅಂತ ವಯಸ್ಸಾದ ಮೇಲೆ ಅವನೇ ಹೇಳಿಕೊಂಡಿದ್ದಾನೆ. ಆವಿ ಖಾಲಿ ಜಾಗ ಸಿಕ್ಕರೆ ನುಗ್ಗುತ್ತೆ. ಹಾಗಿದ್ದರೆ ಸಿಲಿಂಡರ್ ಪಕ್ಕದಲ್ಲಿ ಇನ್ನೊಂದು ಪಾತ್ರೆ ಇಟ್ಟು, ಅದರ ಗಾಳಿ ತೆಗೆದು, ಅದನ್ನ ಮಾತ್ರ ಸದಾ ತಣ್ಣಗಿಟ್ಟು, ಮಧ್ಯೆ ಒಂದು ಕೊಳವೆ ಕೊಟ್ಟರೆ? ಆವಿ ತಾನಾಗಿಯೇ ಅಲ್ಲಿಗೆ ನುಗ್ಗಿ ನೀರಾಗುತ್ತೆ. ಸಿಲಿಂಡರ್ ಬಿಸಿಯಾಗೇ ಇರುತ್ತೆ!

ಅಷ್ಟೇ. ಬಿಸಿ ಜಾಗ ಒಂದು, ತಣ್ಣನೆ ಜಾಗ ಇನ್ನೊಂದು. ನಾವು ಸಾಫ್ಟ್‌ವೇರಿನವರು ಒಂದೇ ಮಾಡ್ಯೂಲಿಗೆ ಎರಡು ಕೆಲಸ ಕೊಡಬೇಡ ಅಂತೀವಲ್ಲ, ಅದೇ ಇದು. ಹೇಳಿದ ಮೇಲೆ ಎಲ್ಲರಿಗೂ ಸುಲಭ, 50 ವರ್ಷ ಯಾರಿಗೂ ಹೊಳೆದಿರಲಿಲ್ಲ. ಆಗ ವಾಟ್‌ಗೆ 29 ವರ್ಷ, ಹೆಚ್ಚುಕಮ್ಮಿ ನನ್ನ ವಯಸ್ಸು. ನನ್ನ ಭಾನುವಾರದ ವಾಕಿಂಗ್‌ನಲ್ಲಿ ಇವತ್ತಿನವರೆಗೆ ಹೊಳೆದಿರೋದು ಅಂದರೆ ರಾತ್ರಿಗೆ ಚಿತ್ರಾನ್ನ ಮಾಡೋಣ ಅನ್ನೋದು ಮಾತ್ರ, ಇರಲಿ ಬಿಡಿ.

ಸ್ಕಾಟ್ಲೆಂಡಿನಲ್ಲಿ ಆಗ ಭಾನುವಾರ ಕೆಲಸ ಮುಟ್ಟೋ ಹಾಗಿರಲಿಲ್ಲ. ಸೋಮವಾರ ಬೆಳಿಗ್ಗೆಯೇ ಡಾಕ್ಟರುಗಳು ಬಳಸೋ ದೊಡ್ಡ ಹಿತ್ತಾಳೆ ಸಿರಿಂಜನ್ನ ಸಿಲಿಂಡರ್ ಮಾಡಿಕೊಂಡು, ತಗಡಿನ ಕೊಳವೆಗಳ ಕಂಡೆನ್ಸರ್ ಕಟ್ಟಿ ನೋಡಿದ. ಕೆಲಸ ಮಾಡಿತು.

ಆದರೆ ಮೇಜಿನ ಮೇಲೆ ಓಡಿದ್ದು ಗಣಿಯಲ್ಲಿ ಓಡೋಕೆ 11 ವರ್ಷ ಬೇಕಾಯ್ತು. ಗಾಳಿ ಸೋರದಷ್ಟು ನುಣುಪಾದ ದೊಡ್ಡ ಸಿಲಿಂಡರ್ ಕೊರೆಯೋರೇ ಇರಲಿಲ್ಲ. ಹೊಟ್ಟೆಪಾಡಿಗೆ ವಾಟ್ ಕಾಲುವೆಗಳ ಸರ್ವೆ ಕೆಲಸಕ್ಕೆ ಅಲೆದ. 1769ರಲ್ಲಿ ಪೇಟೆಂಟ್ ಸಿಕ್ಕಿತು. ದುಡ್ಡು ಹಾಕಿದ್ದ ಜಾನ್ ರೋಬಕ್ 1773ರಲ್ಲಿ ದಿವಾಳಿಯಾದ. ಅದೇ ವರ್ಷ ವಾಟ್‌ನ ಹೆಂಡತಿ ತೀರಿಕೊಂಡಳು. ಆಮೇಲೆ ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ ಜೊತೆಯಾದ. ತೋಪಿನ ನಳಿಗೆ ಕೊರೆಯೋ ಜಾನ್ ವಿಲ್ಕಿನ್ಸನ್‌ನ ಯಂತ್ರ ಸಿಲಿಂಡರ್ ಸಮಸ್ಯೆ ಬಿಡಿಸಿತು. 1776ರಲ್ಲಿ ಮೊದಲ ದೊಡ್ಡ ಎಂಜಿನ್ನುಗಳು ಓಡಿದವು.

ಬೋಲ್ಟನ್ ಮತ್ತು ವಾಟ್ ವ್ಯಾಪಾರದಲ್ಲೂ ಬುದ್ಧಿವಂತರು. 'ನ್ಯೂಕಮನ್ ಎಂಜಿನ್ ಬದಲು ನಮ್ಮದು ಹಾಕಿದರೆ ಎಷ್ಟು ಕಲ್ಲಿದ್ದಲು ಉಳಿಯುತ್ತೋ ಅದರ ಬೆಲೆಯಲ್ಲಿ ಮೂರನೇ ಒಂದು ಪಾಲು ನಮಗೆ ಕೊಡಿ' ಅನ್ನೋ ಕರಾರು. ಕಲ್ಲಿದ್ದಲು ದೂರದಿಂದ ತರಿಸಬೇಕಾಗಿದ್ದ ಕಾರ್ನ್‌ವಾಲ್‌ನ ಗಣಿಯವರು ಮೊದಮೊದಲು ಖುಷಿಯಾಗಿ ಕೊಟ್ಟರು, ಆಮೇಲೆ ಹಲ್ಲು ಕಡಿದುಕೊಂಡು ಕೊಟ್ಟರು. ಯಾಕಂದರೆ ಪಾರ್ಲಿಮೆಂಟು 1775ರಲ್ಲಿ ಕಾನೂನು ಮಾಡಿ ಆ ಪೇಟೆಂಟನ್ನ 1800ರವರೆಗೆ ವಿಸ್ತರಿಸಿತ್ತು. ಬೇರೆ ಯಾರು ಎಂಜಿನ್ ಸುಧಾರಿಸೋಕೆ ಹೋದರೂ ಕೋರ್ಟು. ಕಷ್ಟಪಟ್ಟು ಮೇಲೆ ಬಂದ ರಿಪೇರಿಯವನೇ ಬೇರೆ ಮೆಕ್ಯಾನಿಕ್ಕುಗಳ ಬಾಗಿಲು ಹಾಕಿದ ಅನ್ನೋದೂ ಈ ಪುರಾಣದ ಭಾಗವೇ. ಮರೆಯಬಾರದು.

ತಣ್ಣಗೆ ಮಾಡೋ ಕಂಡೆನ್ಸರ್‌ಗಳು

ಆವಿಯನ್ನ ತಣ್ಣಗೆ ಮಾಡಿ ದ್ರವ ಮಾಡೋದು ವಾಟ್‌ಗಿಂತ ಸಾವಿರಾರು ವರ್ಷ ಹಳೆಯದು. ಅತ್ತರು, ಔಷಧಿ, ಸಾರಾಯಿ ಎಲ್ಲಕ್ಕೂ ಅದೇ ದಾರಿ. ಭಟ್ಟಿ ಇಳಿಸೋದು ಅಂತ ನಮ್ಮಲ್ಲೇ ಪದ ಇದೆಯಲ್ಲ. ನಮ್ಮ ರಸಶಾಸ್ತ್ರದ ಗ್ರಂಥಗಳಲ್ಲಿ ಪಾದರಸ ಶುದ್ಧಿ ಮಾಡೋಕೆ ತಿರ್ಯಕ್‌ಪಾತನ ಯಂತ್ರ ಅಂತ ಬರುತ್ತೆ. ಒಂದು ಮಡಕೆ ಒಲೆ ಮೇಲೆ, ಓರೆಯಾಗಿ ಇಳಿದ ಕೊಳವೆ, ಇನ್ನೊಂದು ಮಡಕೆ ತಣ್ಣಗೆ. ಬಿಸಿ ಜಾಗ ಬೇರೆ, ತಣ್ಣನೆ ಜಾಗ ಬೇರೆ!

ಪಿಯುಸಿ ಕೆಮಿಸ್ಟ್ರಿ ಲ್ಯಾಬಿನಲ್ಲಿ ಒಂದು ಗಾಜಿನ ಕೊಳವೆ, ಅದರ ಸುತ್ತ ಇನ್ನೊಂದು ಗಾಜಿನ ಕೊಳವೆ ನೋಡಿರ್ತೀರಲ್ಲ, ಲೀಬಿಗ್ ಕಂಡೆನ್ಸರ್. ಒಳಗೆ ಆವಿ, ಹೊರಗಿನ ಕೊಳವೆಯಲ್ಲಿ ತಣ್ಣೀರು. ನೀರು ಯಾವ ಕಡೆಯಿಂದ ಬಿಡಬೇಕು ಅನ್ನೋದು ವೈವಾದಲ್ಲಿ ಖಾಯಂ ಪ್ರಶ್ನೆ. ಕೆಳಗಿನಿಂದ. ಆಗ ನೀರು ಪೂರ್ತಿ ತುಂಬಿಕೊಳ್ಳುತ್ತೆ, ಆವಿ ಹೋಗೋ ದಿಕ್ಕಿಗೆ ಎದುರಾಗಿ ಹರಿಯುತ್ತೆ, ತುದಿಯಲ್ಲಿ ಸಿಗೋದು ಅತಿ ತಣ್ಣನೆಯ ನೀರು. ಇದರಲ್ಲೂ ಹೆಸರಿನ ಗೋಜಲು ಇದೆ. ಈ ಎದುರು ಹರಿವಿನ ವಿಧಾನವನ್ನ 1771ರಲ್ಲೇ ಬರೆದಿಟ್ಟವನು ವೈಗೆಲ್ ಅನ್ನೋ ಜರ್ಮನ್. ಯುಸ್ಟುಸ್ ಲೀಬಿಗ್ ತನ್ನ ಲ್ಯಾಬಿನಲ್ಲಿ ಬಳಸಿ ಜಗತ್ತಿಗೆಲ್ಲ ಹಂಚಿದ, ಹೆಸರು ಅವನಿಗೆ ಅಂಟಿಕೊಂಡಿತು. ಲೀಬಿಗ್ ಪಾಪ ಇದು ನಂದು ಅನ್ನಲಿಲ್ಲ, ಗೊಟ್ಲಿಂಗ್ ಅನ್ನೋ ಇನ್ನೊಬ್ಬನಿಗೆ ಕೀರ್ತಿ ಕೊಟ್ಟ. ಹೀಗೆ ವೈಗೆಲ್‌ಗೆ ಎರಡು ಕಡೆಯೂ ಇಲ್ಲ.

ಇನ್ನು ನಿಮ್ಮ ಮನೆ ಫ್ರಿಜ್ಜು. ಹಳೇ ಫ್ರಿಜ್ಜಿನ ಹಿಂದೆ ಕರೀ ತಂತಿಯ ಜಾಲರಿ ಇರುತ್ತಲ್ಲ, ಮಳೆಗಾಲದಲ್ಲಿ ನಮ್ಮಮ್ಮ ಅಲ್ಲಿ ಒದ್ದೆ ಕರ್ಚೀಫು ಒಣಗಿಸ್ತಾರೆ, ಅದೇ ಕಂಡೆನ್ಸರ್. ಒಳಗಿನ ಅನಿಲ ಸಾರು, ಹಾಲು, ಮೊಸರಿನಿಂದ ಹೀರಿಕೊಂಡ ಶಾಖವನ್ನ ಅಲ್ಲಿ ಬಿಟ್ಟು ದ್ರವ ಆಗುತ್ತೆ. ಅದಕ್ಕೇ ಅದು ಬೆಚ್ಚಗಿರೋದು. ಅನಿಲವನ್ನ ಒತ್ತಿ, ತಣಿಸಿ, ಹಿಗ್ಗಿಸಿ ಮತ್ತೆ ಮತ್ತೆ ಬಳಸೋ ಈ ಚಕ್ರಕ್ಕೆ 1834ರಲ್ಲಿ ಜೇಕಬ್ ಪರ್ಕಿನ್ಸ್ ಲಂಡನ್ನಿನಲ್ಲಿ ಪೇಟೆಂಟ್ ತಗೊಂಡ. ಎಸಿಯ ಔಟ್‌ಡೋರ್ ಯೂನಿಟ್ಟಿನಲ್ಲಿರೋದೂ ಇದೇ.

ವಾಟ್‌ನ ನೇರ ವಂಶಸ್ಥ ಮಾತ್ರ ನಮ್ಮ ವಿದ್ಯುತ್ ಸ್ಥಾವರಗಳಲ್ಲಿದೆ. ರಾಯಚೂರಿನ ಶಕ್ತಿನಗರವೇ ತಗೊಳ್ಳಿ. ಕಲ್ಲಿದ್ದಲು ಉರಿದು, ಆವಿಯಾಗಿ, ಟರ್ಬೈನ್ ತಿರುಗಿಸಿದ ಮೇಲೆ ಆ ಆವಿ ಸಾವಿರಾರು ಕೊಳವೆಗಳಿರೋ ಕಂಡೆನ್ಸರ್‌ಗೆ ಬೀಳುತ್ತೆ. ಕೊಳವೆಯೊಳಗೆ ತಣಿಸೋ ನೀರು. ಆವಿ ನೀರಾದಾಗ ಉಂಟಾಗೋ ನಿರ್ವಾತ ಟರ್ಬೈನಿನ ಆವಿಯನ್ನ ಇನ್ನೂ ಜೋರಾಗಿ ಎಳೆಯುತ್ತೆ, ನೀರು ಬಾಯ್ಲರಿಗೆ ವಾಪಸ್ ಹೋಗುತ್ತೆ. ಆವಿಗೆ ಕೊಟ್ಟ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಕಂಡೆನ್ಸರ್ ಮೂಲಕ ಹೊರಗೆ ಹೋಗುತ್ತೆ. ಇದು ಯಾರದೋ ಬೇಜವಾಬ್ದಾರಿ ಅಲ್ಲ, ನಿಸರ್ಗದ ನಿಯಮ. ಬಿಸಿ ಜಾಗ ಒಂದೇ ಇದ್ದರೆ ಕೆಲಸ ಸಿಗಲ್ಲ, ಶಾಖ ಹರಿದುಹೋಗೋಕೆ ತಣ್ಣನೆ ಜಾಗವೂ ಬೇಕು ಅಂತ 1824ರಲ್ಲಿ ಫ್ರಾನ್ಸಿನ ಸಾದಿ ಕಾರ್ನೊ ತೋರಿಸಿಕೊಟ್ಟ. ರಾಯಚೂರಿಗೆ ಆ ತಣ್ಣನೆ ಜಾಗ ಕೃಷ್ಣಾ ನದಿ, ಕೈಗಾ ಅಣು ಸ್ಥಾವರಕ್ಕೆ ಕದ್ರಾ ಜಲಾಶಯ. ಬೇಸಿಗೆಯಲ್ಲಿ ನದಿ ಬತ್ತಿದರೆ, ಕಲ್ಲಿದ್ದಲು ಬೆಟ್ಟದಷ್ಟಿದ್ದರೂ ಕರೆಂಟಿಗೆ ಕುತ್ತು ಯಾಕೆ ಅನ್ನೋದು ಈಗ ಗೊತ್ತಾಯ್ತಲ್ಲ?

ಸರಿ, ಇವೆಲ್ಲ ಆವಿಯ ಕಂಡೆನ್ಸರ್‌ಗಳು. ಅಪ್ಪನ ಕಂಡೆನ್ಸರ್‌ನಲ್ಲಿ ಆವಿಯೂ ಇಲ್ಲ, ನೀರೂ ಇಲ್ಲ. ಅದಕ್ಕೆ ಆ ಹೆಸರು ಎಲ್ಲಿಂದ ಬಂತು?

ಬಾಟಲಿಯಲ್ಲಿ ಸಿಡಿಲು

ವಾಟ್ ಇನ್ನೂ ಹತ್ತು ವರ್ಷದ ಹುಡುಗನಾಗಿದ್ದಾಗ, ಯೂರೋಪಿನ ಪಂಡಿತರಿಗೆಲ್ಲ ವಿದ್ಯುತ್ತಿನ ಹುಚ್ಚು. ಗಾಜಿನ ಗೋಳ ತಿರುಗಿಸಿ ಕೈಯಿಂದ ಉಜ್ಜೋದು, ಕಿಡಿ ಹಾರಿಸೋದು. ಹುಟ್ಟಿದ ವಿದ್ಯುತ್ತನ್ನ ಹಿಡಿದಿಡೋಕೆ ಮಾತ್ರ ದಾರಿ ಇರಲಿಲ್ಲ. 1745ರ ಅಕ್ಟೋಬರ್‌ನಲ್ಲಿ ಪೊಮರೇನಿಯಾದ ಫಾನ್ ಕ್ಲೈಸ್ಟ್ ಅನ್ನೋ ಪಾದ್ರಿ ಔಷಧಿ ಬಾಟಲಿಗೆ ಮೊಳೆ ಇಳಿಬಿಟ್ಟು ಪ್ರಯೋಗ ಮಾಡುತ್ತಿದ್ದಾಗ ಭಾರೀ ಶಾಕ್ ತಿಂದ. ಕೆಲವೇ ತಿಂಗಳಲ್ಲಿ, 1746ರ ಶುರುವಿನಲ್ಲಿ, ಹಾಲೆಂಡಿನ ಲೈಡನ್ ಊರಿನ ಪ್ರೊಫೆಸರ್ ಮುಶೆನ್‌ಬ್ರೂಕ್ ನೀರು ತುಂಬಿದ ಗಾಜಿನ ಪಾತ್ರೆಯಿಂದ ಅದೇ ಪೆಟ್ಟು ತಿಂದ. ಇಡೀ ಫ್ರಾನ್ಸ್ ರಾಜ್ಯ ಕೊಟ್ಟರೂ ಇನ್ನೊಂದು ಸಲ ಮುಟ್ಟಲ್ಲ ಅಂತ ಪ್ಯಾರಿಸ್‌ಗೆ ಕಾಗದ ಬರೆದ. ಪ್ಯಾರಿಸ್ಸಿನವರು ಸುಮ್ಮನಿರ್ತಾರಾ? ನೊಲೆ ಅನ್ನೋ ಪಾದ್ರಿ ರಾಜ 15ನೇ ಲೂಯಿಯ ಮುಂದೆ 180 ಸೈನಿಕರನ್ನ ಕೈ ಕೈ ಹಿಡಿಸಿ ನಿಲ್ಲಿಸಿ, ಅಷ್ಟೂ ಜನ ಒಟ್ಟಿಗೆ ಎಗರೋ ಹಾಗೆ ಮಾಡಿದ. ಲೈಡನ್ ಜಾಡಿ ಅನ್ನೋ ಹೆಸರು ನಿಂತಿತು.

ಇದರ ಗುಟ್ಟು ಏನು? ಗಾಜಿನ ಒಳಗೆ ಒಂದು ವಾಹಕ, ಹೊರಗೆ ಇನ್ನೊಂದು. ಮೊದಲ ಪ್ರಯೋಗದಲ್ಲಿ ಹೊರಗಿನ ವಾಹಕ ಪಾಪ ಜಾಡಿ ಹಿಡಿದವನ ಕೈ! ಒಂದೇ ಥರದ ವಿದ್ಯುದಂಶಗಳು ಒಂದನ್ನೊಂದು ದೂರ ತಳ್ಳುತ್ತವೆ, ಒಂದೇ ತಗಡಿನ ಮೇಲೆ ಜಾಸ್ತಿ ತುಂಬೋಕೆ ಬಿಡಲ್ಲ. ಆದರೆ ಗಾಜಿನ ಆಚೆ ವಿರುದ್ಧ ಥರದವು ಬಂದು ನಿಂತರೆ ಎಳೆತಕ್ಕೆ ಸಿಕ್ಕಿ ಒತ್ತೊತ್ತಾಗಿ ನಿಲ್ಲುತ್ತವೆ. ತೇರು ಬಂದಾಗ ಮಹಡಿಯ ಕಟಕಟೆಗೆ ಜನ ಒಬ್ಬರ ಮೇಲೊಬ್ಬರು ಒತ್ತಿಕೊಂಡು ನಿಲ್ಲಲ್ವಾ, ಹಾಗೆ. ಬೇರೆ ದಿನ ಅಷ್ಟು ಹತ್ತಿರ ನಿಲ್ಲಿ ಅಂದರೆ ಜಗಳ ಆಗುತ್ತೆ.

ಬೆಂಜಮಿನ್ ಫ್ರಾಂಕ್ಲಿನ್ ಅಮೆರಿಕದಲ್ಲಿ ಇದನ್ನ ಚೆನ್ನಾಗಿ ಪರೀಕ್ಷೆ ಮಾಡಿದ. ಜಾಡಿಯ ಆಕಾರ ಮುಖ್ಯ ಅಲ್ಲ, ಎರಡು ತಗಡಿನ ಮಧ್ಯೆ ಗಾಜು ಇದ್ದರೆ ಸಾಕು ಅಂತ ತೋರಿಸಿದ. 1750ರ ಕ್ರಿಸ್‌ಮಸ್ ಸಮಯದಲ್ಲಿ ಇದೇ ಜಾಡಿಗಳಿಂದ ಟರ್ಕಿ ಕೋಳಿ ಕೊಲ್ಲೋಕೆ ಹೋಗಿ, ಕೋಳಿ ಬದಲು ತಾನೇ ಪೆಟ್ಟು ತಿಂದು ಜ್ಞಾನ ತಪ್ಪಿದ. ಅಪ್ಪನ ಅಂಗಡಿಯಲ್ಲಿ ಟಿವಿ ಆಫ್ ಮಾಡಿದ ಮೇಲೂ ಕಂಡೆನ್ಸರ್ ಮುಟ್ಟಬೇಡ, ಮೊದಲು ಡಿಸ್ಚಾರ್ಜ್ ಮಾಡು ಅಂತ ಬೈಸಿಕೊಂಡಿದ್ದು ನೆನಪಾಯ್ತು.

ಈಗ ಹೆಸರಿನ ವಿಷಯ. 1782ರಲ್ಲಿ ಇಟಲಿಯ ಅಲೆಸಾಂಡ್ರೊ ವೋಲ್ಟಾ, ಹೌದು, ವೋಲ್ಟ್‌ಗೆ ಹೆಸರು ಕೊಟ್ಟವನೇ, ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪ್ರಬಂಧ ಕಳಿಸಿದ. ಯಾವ ಉಪಕರಣಕ್ಕೂ ಗೊತ್ತಾಗದಷ್ಟು ಕ್ಷೀಣವಾದ ವಿದ್ಯುತ್ತನ್ನ ಪತ್ತೆ ಹಚ್ಚೋದು ಹೇಗೆ ಅನ್ನೋದು ಅದರ ವಿಷಯ. ಅಮೃತಶಿಲೆಯಂಥ, ಅಷ್ಟೇನೂ ಒಳ್ಳೇ ವಾಹಕವಲ್ಲದ ಹಾಸಿನ ಮೇಲೆ ಹಿಡಿ ಇರೋ ಲೋಹದ ತಟ್ಟೆ ಇಡಬೇಕು. ಕ್ಷೀಣ ವಿದ್ಯುತ್ತನ್ನ ಅದಕ್ಕೆ ಉಣಿಸಬೇಕು. ತಟ್ಟೆ ಒಂಟಿಯಾಗಿದ್ದರೆ ಹಿಡಿಯೋದಕ್ಕಿಂತ ಎಷ್ಟೋ ಹೆಚ್ಚು ದಟ್ಟವಾಗಿ ವಿದ್ಯುತ್ತು ಅಲ್ಲಿ ಕೂಡುತ್ತೆ. ಆಮೇಲೆ ತಟ್ಟೆ ಎತ್ತಿದರೆ ಇರುವೆಯಂಥ ವಿದ್ಯುತ್ತು ಆನೆಯಾಗಿ ಕಾಣುತ್ತೆ. ಈ ಸಾಧನಕ್ಕೆ ವೋಲ್ಟಾ ಇಟ್ಟ ಹೆಸರು ಕೊಂಡೆನ್ಸಾಟೋರೆ. ದಟ್ಟ ಮಾಡುವಂಥದ್ದು. ಅದೇ ಇಂಗ್ಲಿಷಿನಲ್ಲಿ ಕಂಡೆನ್ಸರ್!

ಅಂದರೆ ಆ ಹೆಸರು ಯಾರೋ ತಪ್ಪಾಗಿ ಕರೆದಿದ್ದಲ್ಲ, ವೋಲ್ಟಾ ಯೋಚಿಸಿ ಇಟ್ಟಿದ್ದು. ಲ್ಯಾಟಿನ್ ಮೂಲದಲ್ಲಿ ದಟ್ಟ ಮಾಡು ಅಂತಲೇ ಅರ್ಥ. ಒಂದರಲ್ಲಿ ಆವಿ ದಟ್ಟವಾಗಿ ನೀರಾಗುತ್ತೆ, ಇನ್ನೊಂದರಲ್ಲಿ ವಿದ್ಯುತ್ತು ದಟ್ಟವಾಗಿ ಕೂಡುತ್ತೆ. ಮೂರನೆಯದೂ ಇದೆ. ಮೈಕ್ರೋಸ್ಕೋಪಿನ ಕೆಳಗೆ ಬೆಳಕನ್ನ ದಟ್ಟ ಮಾಡಿ ಸ್ಲೈಡಿನ ಮೇಲೆ ಬೀಳಿಸೋ ಮಸೂರಕ್ಕೂ ಕಂಡೆನ್ಸರ್ ಅಂತಲೇ ಹೆಸರು. ಜರ್ಮನಿಯ ಅರ್ನ್‌ಸ್ಟ್ ಅಬ್ಬೆ 1870ರ ದಶಕದಲ್ಲಿ ಅದನ್ನ ಸುಧಾರಿಸಿದ, ರಾಬರ್ಟ್ ಕಾಖ್ ಅದನ್ನ ಬಳಸಿ ರೋಗಾಣುಗಳನ್ನ ಹುಡುಕಿದ. ಆವಿ, ವಿದ್ಯುತ್ತು, ಬೆಳಕು. ಮೂರು ಪದಾರ್ಥ, ಒಂದೇ ಕ್ರಿಯೆ, ಒಂದೇ ಹೆಸರು.

ಆಮೇಲೆ ವಿದ್ಯುತ್ತಿನ ಕಂಡೆನ್ಸರ್ ಎಲ್ಲ ಕಡೆ ನುಗ್ಗಿತು. 1837ರಲ್ಲಿ ಫ್ಯಾರಡೆ, ಮಧ್ಯದ ಪದಾರ್ಥ ಬದಲಾದರೆ ಹಿಡಿಯೋ ಸಾಮರ್ಥ್ಯವೂ ಬದಲಾಗುತ್ತೆ ಅಂತ ತೋರಿಸಿದ. ಫ್ಯಾನ್ ಕಂಡೆನ್ಸರ್ ಮೇಲೆ 2.5 ಮೈಕ್ರೋಫ್ಯಾರಡ್ ಅಂತ ಬರೆದಿರೋದು ಅವನ ನೆನಪಿಗೇ. 1853ರಲ್ಲಿ ಫಿಜೋ ಅನ್ನೋ ಫ್ರೆಂಚ್ ವಿಜ್ಞಾನಿ, ಕರೆಂಟ್ ಕಡಿಯೋ ಜಾಗದಲ್ಲಿ ಕಂಡೆನ್ಸರ್ ಹಾಕಿದರೆ ಅಲ್ಲಿ ಕಿಡಿ ಪೋಲಾಗದೆ ಕಾಯಿಲ್‌ನಿಂದ ಜೋರಾದ ಕಿಡಿ ಬರುತ್ತೆ ಅಂತ ಕಂಡುಕೊಂಡ. ಹಳೇ ಸ್ಕೂಟರಿನ ಪಾಯಿಂಟ್ ಪಕ್ಕದ ಕಂಡೆನ್ಸರ್ ಮಾಡುತ್ತಿದ್ದಿದ್ದು ಇದನ್ನೇ. ಫ್ಯಾನಿನಲ್ಲಿ ಎರಡನೇ ಸುರುಳಿಯ ಕರೆಂಟಿನ ಅಲೆಯನ್ನ ಸ್ವಲ್ಪ ಮುಂದಕ್ಕೆ ತಳ್ಳಿ, ಯಾವ ಕಡೆ ತಿರುಗಬೇಕು ಅಂತ ಮೋಟಾರಿಗೆ ದಾರಿ ತೋರಿಸುತ್ತೆ. ಅದು ಸತ್ತರೆ ಮೋಟಾರಿಗೆ ದಿಕ್ಕೇ ತೋಚಲ್ಲ, ಗುಂಯ್ ಅನ್ನುತ್ತೆ. ರೇಡಿಯೋದ ಗ್ಯಾಂಗ್ ಕಂಡೆನ್ಸರ್‌ನಲ್ಲಿ ಒಂದು ಸಾಲು ತಗಡು ಇನ್ನೊಂದು ಸಾಲಿನ ಸಂದಿಗೆ ತೂರಿದಷ್ಟೂ ಸ್ಟೇಷನ್ ಬದಲಾಗುತ್ತೆ. ಹಳೇ ರೇಡಿಯೋಗಳ ಮೈಕಾ ಕಂಡೆನ್ಸರ್‌ನಲ್ಲಿ ಇರ್ತಿದ್ದಿದ್ದು ನಮ್ಮ ಕಾಗೆಬಂಗಾರ. ಈಗಿನ ಜಾರ್ಖಂಡಿನ ಕೋಡರ್ಮಾ ಕಡೆಯಿಂದ ಅದು ಹಡಗು ಹತ್ತಿ ಪ್ರಪಂಚಕ್ಕೆಲ್ಲ ಹೋಗುತ್ತಿತ್ತು.

ಹಾಗಾದರೆ ಕೆಪ್ಯಾಸಿಟರ್ ಎಲ್ಲಿಂದ ಬಂತು? ಬ್ರಿಟನ್ನಿನಲ್ಲಿ 1926ರ ಹೊತ್ತಿಗೆ, ಆವಿಯ ಕಂಡೆನ್ಸರ್ ಜೊತೆ ಗೊಂದಲ ಆಗಬಾರದು ಅಂತ ಈ ಹೊಸ ಪದವನ್ನ ಶಿಫಾರಸು ಮಾಡಿದರು. ವಿದ್ಯುತ್ ಸ್ಥಾವರದಲ್ಲಿ ಎರಡೂ ಇರುತ್ತಲ್ಲ, ಕಂಡೆನ್ಸರ್ ರಿಪೇರಿ ಮಾಡು ಅಂದರೆ ಯಾವುದನ್ನ? ಅಮೆರಿಕದವರು ಇನ್ನೂ ಎಷ್ಟೋ ವರ್ಷ ಹಳೇ ಹೆಸರೇ ಹೇಳುತ್ತಿದ್ದರು. 1916ರಲ್ಲಿ ವೆಂಟೆ ಕಂಡುಹಿಡಿದ ಮೈಕ್ ಇವತ್ತಿಗೂ ಕಂಡೆನ್ಸರ್ ಮೈಕೇ, ಪಾಡ್‌ಕಾಸ್ಟ್ ಮಾಡೋರನ್ನ ಕೇಳಿ. ನನ್ನ ಟೀಮಿನ ಜರ್ಮನ್ ಹುಡುಗನನ್ನ ಕೇಳಿದೆ, ನಿಮ್ಮಲ್ಲಿ ಇದಕ್ಕೆ ಏನಂತಾರೆ ಅಂತ. 'ಕೊಂಡೆನ್ಸಾಟೊರ್, ಇನ್ನೇನು?' ಅಂದ. ಇಟಲಿಯವರೂ ಅಷ್ಟೇ, ವೋಲ್ಟಾ ಇಟ್ಟ ಹೆಸರು ಬಿಟ್ಟಿಲ್ಲ. ತಪ್ಪು ಅಂದಿದ್ದು ತಿಪಟೂರಿನ ಬುದ್ಧಿವಂತ ಒಬ್ಬನೇ.

ಅಪ್ಪನಿಗೆ ಕೆಲಸ ಕಲಿಸಿದವರು ಅರಸೀಕೆರೆಯಲ್ಲಿ ವಾಲ್ವ್ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಅವರಿಗೆ ಹೇಳಿಕೊಟ್ಟವರು ಇನ್ನೂ ಹಳಬರು. ಒಬ್ಬರ ಬಾಯಿಂದ ಒಬ್ಬರಿಗೆ, ಪುಸ್ತಕದ ಹಂಗಿಲ್ಲದೆ, ವೋಲ್ಟಾನ ಪದ ನಮ್ಮ ಅಂಗಡಿಯವರೆಗೆ ಬಂದಿತ್ತು. ನಾನು ಪುಸ್ತಕದ ಎರಡು ಪುಟ ಓದಿ ಅದನ್ನ ತಪ್ಪು ಅಂದುಬಿಟ್ಟಿದ್ದೆ.

ಮೊನ್ನೆ ವಿಡಿಯೋ ಕಾಲ್ ಮಾಡಿ ಅಪ್ಪನಿಗೆ ಇಷ್ಟೂ ಹೇಳಿದೆ. ವಾಟ್, ಜಾಡಿ, ಕೋಳಿ, ವೋಲ್ಟಾ ಎಲ್ಲ. 'ಆವತ್ತು ಮೇಷ್ಟ್ರ ಮುಂದೆ ನಾನು ಹಾಗೆ ಹೇಳಬಾರದಿತ್ತು ಅಪ್ಪ. ನೀವಂದಿದ್ದೇ ಸರಿ ಇತ್ತು' ಅಂದೆ. ಅಪ್ಪ ಎದುರಿಗೆ ಬಿಚ್ಚಿಟ್ಟಿದ್ದ ಫ್ಯಾನಿನಿಂದ ತಲೆ ಎತ್ತಲಿಲ್ಲ.

'ಯಾವ ಮೇಷ್ಟ್ರು?' ಅಂದರು. ಮರೆತಿದ್ದರೋ, ಮರೆತ ಹಾಗೆ ಮಾಡಿದರೋ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, 'ಆ ವಾಟ್ ಅನ್ನೋನು ರಿಪೇರಿ ಅಂಗಡಿ ಇಟ್ಟಿದ್ನಾ?' ಅಂತ ಕೇಳಿದರು. ಹೌದು ಅಂದೆ. 'ಹೂಂ' ಅಂದರು. ಆಮೇಲೆ ಅಂಗಡಿ ಹುಡುಗನಿಗೆ ಕೂಗಿ ಹೇಳಿದರು, 'ಏ, ಆ ಡಬ್ಬಿಯಿಂದ ಎರಡೂವರೆದು ಒಂದು ಕಂಡೆನ್ಸರ್ ಕೊಡೋ.'

ನನ್ನ ಎದುರಿಗೇ, ಅರ್ಧಕ್ಕೆ ನಿಲ್ಲಿಸದೆ ಹೇಳಿದರು.